ಹಲಸಿನ ಮೈ, ಹುಬ್ಬಳ್ಳಿಯ ಕುತ್ತಿಗೆ

ಮೊನ್ನೆ ಅಂಕೋಲೆಗೆ ಹೋಗುವ ಬಸ್ಸು ಯಲ್ಲಾಪುರದಲ್ಲಿ ಚಹಾಕ್ಕೆ ನಿಂತಾಗ ನನಗೆ ಇಳಿಯುವ ಮನಸ್ಸಿರಲಿಲ್ಲ. ಇಳಿದರೆ ಕಿಟಕಿ ಪಕ್ಕದ ಸೀಟು ಹೋಗುತ್ತದೆ ಎಂಬ ಭಯ ಈ ವಯಸ್ಸಿನಲ್ಲೂ ಬಿಟ್ಟಿಲ್ಲ. ಆದರೆ ನಿಲ್ದಾಣದ ಹಿಂದೆ ಎಲ್ಲೋ ಯಾರೋ ಹಲಸಿನ ಹಲಗೆ ಕೊಯ್ಯುತ್ತಿದ್ದರು. ಆ ಹಳದಿ ಹೊಟ್ಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಎಡ ಭುಜ ನೋಯತೊಡಗಿತು. ಕೈ ತಾನಾಗಿ ಅಲ್ಲಿಗೆ ಹೋಗಿ ಒತ್ತಿಕೊಂಡಿತು. ಪಕ್ಕದಲ್ಲಿದ್ದ ಹೆಂಗಸು, "ಎಂತಾಯ್ತು, ಉಳುಕಿತಾ?" ಎಂದು ಕೇಳಿದರು. ಏನು ಹೇಳುವುದು? ಇದೇ ಊರಿನಲ್ಲಿ ಒಂದು ಕಾಲಕ್ಕೆ ಗಿಟಾರು ಮಾಡಿಸಿದ್ದೆ, ಅದು ಬಾಗಿಲಿನಷ್ಟು ಭಾರವಿತ್ತು ಎಂದರೆ ನಂಬುವ ಮುಖ ಅವರದಾಗಿರಲಿಲ್ಲ. "ಹಳೇ ನೋವು" ಎಂದಷ್ಟೇ ಹೇಳಿ ಇಳಿದುಹೋದೆ. ಸೀಟೂ ಹೋಯಿತು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನಾನು ಪೇಟೆಯ ಟೈಪಿಂಗ್ ಕ್ಲಾಸಿನಲ್ಲಿ ಕಲಿಸುತ್ತಿದ್ದೆ. ಹೆದ್ದಾರಿಯ ಬದಿಯ ಬಾಡಿಗೆ ಮನೆಯಲ್ಲಿ ನನ್ನ ಹೆತ್ತ ಆಯಿ ಮತ್ತು ನಾನು ಇಬ್ಬರೇ. ಅರಬೈಲ್ ಘಟ್ಟ ಹತ್ತಿ ಬಂದ ಲಾರಿಗಳು ಮನೆಯೆದುರು ಗೇರು ಬದಲಿಸಿದರೆ ಅಡುಗೆಮನೆಯ ತಾಟುಗಳು ಗಡಗಡ ಎನ್ನುತ್ತಿದ್ದವು. ಆ ಸದ್ದು ಕಿವಿಗಿಂತ ಮೊದಲು ಹೊಟ್ಟೆಗೆ ಗೊತ್ತಾಗುತ್ತಿತ್ತು. ಅಂಥ ಸದ್ದಿಗೂ ಒಂದು ವಾದ್ಯವಿದೆ ಎನ್ನುವುದು ನನಗೆ ಆ ವರ್ಷದವರೆಗೆ ತಿಳಿದಿರಲಿಲ್ಲ.

ನನ್ನ ವಾದ್ಯ ಹಾರ್ಮೋನಿಯಂ. ಹೈಸ್ಕೂಲು ಮುಗಿದಂದಿನಿಂದ ಮಂಜಣ್ಣನ ತಂಡದಲ್ಲಿ ಅದನ್ನೇ ನುಡಿಸುತ್ತಿದ್ದೆ. ಮಂಜಣ್ಣ ಎಂದರೆ ನಮ್ಮೂರಿನಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವವ, ಮದುವೆಮನೆಗೆ ಲೈಟು ಹಾಕುವವ, ಮತ್ತು ಹಾಡುವವ. ಇವುಗಳಲ್ಲಿ ನಿನ್ನ ಕೆಲಸ ಯಾವುದು ಎಂದು ಕೇಳಿದರೆ ಹಾಡುವುದು ಎನ್ನುತ್ತಿದ್ದ. ಕೇಳಿದವರು ನಗದಿದ್ದರೆ ಚಹಾ ಕೊಡಿಸುತ್ತಿದ್ದ. ಭಜನೆಯಿಂದ ಶುರುವಾದ ತಂಡ ಭಾವಗೀತೆಗೆ ಬಂದು, ಸಿನಿಮಾ ಹಾಡಿಗೆ ಹತ್ತಿ, ಕಡೆಗೆ ರಸಮಂಜರಿ ಎಂದು ಬ್ಯಾನರು ಬರೆಸಿಕೊಂಡಿತು. ಆ ವರ್ಷ ಯುಗಾದಿಯ ಹೊತ್ತಿಗೆ ಕಾರವಾರದ ಕಡೆಯಿಂದ ಆಂಟನಿ ಬಂದ. ಪೇಟೆಯಲ್ಲಿ ಅವನ ಮಾವನ ಬೇಕರಿಯಿತ್ತು. ಬೆಳಿಗ್ಗೆ ಬ್ರೆಡ್ಡು, ಸಂಜೆ ಕೀಬೋರ್ಡು. ಆ ಕೀಬೋರ್ಡಿನಲ್ಲಿ ಪಿಟೀಲು ಇತ್ತು, ಕೊಳಲು ಇತ್ತು, ಹಾರ್ಮೋನಿಯಮ್ಮೂ ಇತ್ತು. ಒಂದು ಗುಂಡಿ ಒತ್ತಿ ಅವನು ನನ್ನನ್ನೇ ನುಡಿಸಿ ತೋರಿಸಿಬಿಟ್ಟ.

"ತಂಗಿ, ಬೇಜಾರ ಮಾಡ್ಕಬೇಡ. ನೀನು ಕೋರಸ್ಸಿಗೆ ನಿಂತ್ಕ," ಎಂದ ಮಂಜಣ್ಣ.

"ನನ್ನ ಧ್ವನಿ ನೀನು ಕೇಳಿದೀಯ?"

"ಕೇಳಿದೀನಿ. ಅದ್ಕೇ ಮೈಕು ಸ್ವಲ್ಪ ದೂರ ಇಡೂದು."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆದರೆ ಸಿಟ್ಟಿಗಿಂತ ಕೈಗೆ ಕೆಲಸವಿಲ್ಲದ ಚಡಪಡಿಕೆ ದೊಡ್ಡದು. ಭಾನುವಾರ ತಂಡ ಶಿರಸಿಗೋ ಭೈರುಂಬೆಗೋ ಹೊರಟರೆ ನಾನು ಮನೆಯಲ್ಲಿ ಕುಳಿತು ಮೇಜಿನ ಮೇಲೆ, ಮೊಣಕಾಲ ಮೇಲೆ, ಅನ್ನದ ತಾಟಿನ ಅಂಚಿನ ಮೇಲೆ ಬೆರಳು ಬಡಿಯುತ್ತಿದ್ದೆ. "ಆ ಬೆರಳು ಒಂದ್ ಗಳಿಗೆ ಸುಮ್ನಿಡೇ ಕೂಸೆ, ಎಂಗೆ ತಲೆ ಚಿಟ್ಟು ಹಿಡತ್ತು," ಎನ್ನುತ್ತಿದ್ದಳು ಆಯಿ. ಕ್ಲಾಸಿನಲ್ಲಿ ಹುಡುಗಿಯರು ಒಂದು ಸಾಲು ತಪ್ಪಾಗಿ ಹೊಡೆದರೆ ಸಾಕು, ಇಡೀ ಹಾಳೆ ಹರಿದು ಹಾಕಿಸುತ್ತಿದ್ದೆ. ಅವರು ನನಗೆ ಇಟ್ಟಿದ್ದ ಹೆಸರು ಇಲ್ಲಿ ಬೇಡ.

ಒಂದು ಸಂಜೆ ಮಂಜಣ್ಣನ ಅಂಗಡಿಯ ಹಿಂದಿನ ಕೋಣೆಯಲ್ಲಿ ಅಭ್ಯಾಸ ನಡೆದಿತ್ತು. ಕೋರಸ್ಸಿನವಳಾಗಿ ನಾನು ಗೋಡೆಗೆ ಒರಗಿ ನಿಂತಿದ್ದೆ. ಆಂಟನಿ ಹಾಡು ನಿಲ್ಲಿಸಿ ಎಡಗೈ ಕೊಡವಿದ. "ಈ ಕೈ ಬರೀ ಬೇಸ್ ಹಿಡಿಯೂದ್ರಲ್ಲೇ ಹೋಗ್ತದೆ. ಅದಕ್ಕೊಬ್ರು ಇದ್ದಿದ್ರೆ ನಾನು ಎರಡೂ ಕೈಲಿ ಏನೇನ್ ನುಡಿಸ್ತಿದ್ದೆ ಗೊತ್ತಾ?" ಬೇಸ್ ಎಂದರೆ ಏನೆಂದು ಕೇಳಿದೆ. ಅವನು ಕೀಬೋರ್ಡಿನ ಎಡತುದಿಯ ಒಂದು ಮನೆ ಒತ್ತಿದ. ಪೆಟ್ಟಿಗೆಯ ಮೇಲಿದ್ದ ಚಹಾದ ಗ್ಲಾಸು ಸಣ್ಣಗೆ ನಡುಗಿತು. ಲಾರಿ! ಆ ಸದ್ದು ನನಗೆ ಹುಟ್ಟಿದಾಗಿನಿಂದ ಗೊತ್ತು.

"ಆ ಜಾಗ ನಂಗೆ ಬೇಕು," ಎಂದೆ.

"ಅದ್ಕೆ ಗಿಟಾರು ಬೇಕಲ್ಲ ತಂಗಿ," ಎಂದ ಮಂಜಣ್ಣ. "ನಾಲ್ಕು ತಂತೀದು. ಎಲ್ಲಿದೆ ನಿನ್ಹತ್ರ?"

"ತರ್ತೇನೆ."

ಅವನು ತಮಾಷೆ ಎಂದುಕೊಂಡ. ನಂತರ ನನ್ನ ಮುಖ ನೋಡಿ ಗಂಭೀರನಾದ. "ನೋಡು, ಚೌತಿಗೆ ಸಿದ್ದಾಪುರದಾಗೆ ಪ್ರೋಗ್ರಾಂ ಇದೆ, ದೊಡ್ಡದು. ಅಷ್ಟ್ರೊಳಗೆ ನುಡಿಸಿ ತೋರ್ಸು, ಜಾಗ ನಿಂದು. ಇಲ್ದಿದ್ರೆ ಹುಬ್ಬಳ್ಳಿಯಿಂದ ಒಬ್ಬನ್ನ ಕರಸ್ತೀನಿ. ಆಮೇಲೆ ನನ್ನ ಬೈಯೂ ಹಂಗಿಲ್ಲ."

ಮುಂದಿನ ಶನಿವಾರವೇ ಹುಬ್ಬಳ್ಳಿಗೆ ಹೋದೆ. ವಾದ್ಯದ ಅಂಗಡಿಯಲ್ಲಿ ಒಂದೇ ಒಂದು ಬೇಸ್ ಗಿಟಾರು ಗಾಜಿನ ಹಿಂದೆ ನೇತಾಡುತ್ತಿತ್ತು. ಬೆಲೆ ಕೇಳಿ ಬ್ಯಾಗಿನ ಜಿಪ್ಪು ಎಳೆದುಕೊಂಡೆ. ಅಂಗಡಿಯವರಿಗೆ ಪಾಪ ಎನಿಸಿರಬೇಕು. "ನಿಲ್ರಿ ಅಕ್ಕಾರ, ಹಂಗ ಹೊಂಟ್ರ ಹೆಂಗ?" ಎಂದು ಅಟ್ಟದ ಮೇಲಿಂದ ಒಂದು ಗೋಣಿಚೀಲ ಇಳಿಸಿದರು. ಅದರಲ್ಲಿ ಒಂದು ಗಿಟಾರಿನ ಕುತ್ತಿಗೆ ಮಾತ್ರ ಇತ್ತು. ಸಾಗಣೆಯಲ್ಲಿ ಅದರ ಮೈ ಒಡೆದುಹೋಗಿತ್ತಂತೆ. ಜೊತೆಗೆ ಒಂದು ತಗಡಿನ ಡಬ್ಬಿಯಲ್ಲಿ ತಂತಿ ಬಿಗಿಯುವ ಕಿವಿಗಳು, ತಂತಿ ಕೂರುವ ಹಿತ್ತಾಳೆಯ ಪಟ್ಟಿ, ಮತ್ತು ತಂತಿಯ ನಡುಕವನ್ನು ಹಿಡಿದು ಸ್ಪೀಕರಿಗೆ ಕಳಿಸುವ ಒಂದು ಕರಿ ಡಬ್ಬಿ; ಅದಕ್ಕೆ ಪಿಕಪ್ ಎನ್ನುತ್ತಾರಂತೆ. "ಕುತಿಗಿ ನಾ ಕೊಡ್ತೀನ್ರಿ, ಮೈ ನೀವು ಮಾಡಿಸ್ಕೋರಿ," ಎಂದರು. ಹೇಗೆ ಜೋಡಿಸುವುದು ಎಂದು ಕೇಳಿದೆ. "ನಿಮ್ಮೂರಾಗ ಕಟಗಿಗೆ ಬರ ಏನ್ರಿ?" ಎಂದು ನಕ್ಕು ಬೇರೆ ಗಿರಾಕಿಯ ಕಡೆ ತಿರುಗಿದರು.

ವಾಪಸು ಬರುವ ಬಸ್ಸಿನಲ್ಲಿ ಆ ಕುತ್ತಿಗೆ ನನ್ನ ತೊಡೆಯ ಮೇಲಿಂದ ಎದ್ದು ಮುಂದಿನ ಸೀಟಿನವರ ತಲೆಗೆ ಬಡಿಯುತ್ತಿತ್ತು. "ಏನ್ರಿ ಇದು, ಒನಕೀನ?" ಎಂದು ಕಂಡಕ್ಟರು ಕೇಳಿದ. ಹೌದು ಎಂದೆ. ಕಿರವತ್ತಿ ದಾಟುವ ಹೊತ್ತಿಗೆ ಎಡಗೈಯ ಬೆರಳುಗಳು ಆ ಒನಕೆಯ ಮೇಲೆ ಓಡಾಡತೊಡಗಿದ್ದವು. ಟೈಪಿಂಗಿನಿಂದ ನನ್ನ ಕಿರುಬೆರಳಿಗೂ ಒಳ್ಳೆಯ ಬಲವಿತ್ತು.

ಮೈ ಮಾಡಲು ಒಪ್ಪಿದವರು ಶಿವಾನಂದ ಆಚಾರಿ. ಅವರ ಬಡಗಿ ಶೆಡ್ಡು ನಮ್ಮ ಟೈಪಿಂಗ್ ಕ್ಲಾಸಿನ ಎದುರಿಗೇ ಇತ್ತು. ಬಾಗಿಲು, ಕಿಟಕಿ, ದೇವರ ಮಂಟಪ ಮಾಡುವವರು. ಬಾಯಿ ಉಳಿಗಿಂತ ಚೂಪು. ಆಂಟನಿ ಕಾಗದದ ಮೇಲೆ ಬರೆದುಕೊಟ್ಟ ಆಕಾರ ನೋಡಿ, "ಇದೆಂತದು ಟೀಚರ್ರೇ, ಗೇರುಬೀಜಕ್ಕೆ ಕೋಡು ಬಂದಂಗದೆ," ಎಂದರು. ಮರದ ವಿಷಯದಲ್ಲಿ ಮಾತ್ರ ಮಾತಾಡಲು ಬಿಡಲಿಲ್ಲ. "ವೀಣೆಗೆ ಹಲಸು, ಮದ್ದಲೆಗೆ ಹಲಸು. ಇದ್ಕೂ ಹಲಸೇ. ಬೇರೆ ಮರ ಹಾಕಿ ನನ್ನ ಹೆಸ್ರು ಕೆಡ್ಸಬೇಡಿ." ದಪ್ಪ ಎಷ್ಟು ಎಂದರೆ ಹೊಸ್ತಿಲಿನಷ್ಟು. ತೆಳ್ಳಗೆ ಮಾಡಿ ಎಂದರೆ, "ನಾಳೆ ನಿಮ್ಮ ಮೊಮ್ಮಕ್ಕಳೂ ಬಾರಿಸ್ಬೇಕಲ್ಲ?" ಮುಂಭಾಗದಲ್ಲಿ ನವಿಲು ಕೆತ್ತುವ ಆಸೆ ಅವರಿಗೆ. ನಾನು ಜಗಳ ಮಾಡಿ ಬಿಡಿಸಿದೆ. ಆದರೂ ಒಂದು ದಿನ ನಾನು ಕ್ಲಾಸಿನಲ್ಲಿದ್ದಾಗ ಹಿಂಭಾಗದಲ್ಲಿ ಒಂದು ಕಮಲ ಕೆತ್ತಿಯೇ ಬಿಟ್ಟರು. ನುಡಿಸುವಾಗ ಅದರ ದಳಗಳು ಸರಿಯಾಗಿ ಪಕ್ಕೆಗೆ ಒತ್ತುತ್ತಿದ್ದವು.

ಆ ಬೇಸಿಗೆಯಿಡೀ ನಾನು ಕ್ಲಾಸಿನ ಕಿಟಕಿಯಲ್ಲೇ ಇದ್ದೆ. ಆಚಾರಿ ನನ್ನ ಹಲಗೆ ಬದಿಗಿಟ್ಟು ಯಾರದೋ ಮಂಚದ ಕಾಲು ಎತ್ತಿಕೊಂಡರೆ ಇಲ್ಲಿಂದಲೇ ಕೂಗುತ್ತಿದ್ದೆ. ಮಳೆಗಾಲ ಹಿಡಿಯುವ ಮುನ್ನ ಮೈ ಮುಗಿಯಿತು, ಕುತ್ತಿಗೆ ಬೋಲ್ಟು ಹಾಕಿ ಕೂರಿಸಿದ್ದಾಯಿತು. ವಯರು ಬೆಸೆಯುವುದನ್ನು ಮಂಜಣ್ಣನ ಅಂಗಡಿಯಲ್ಲಿ ಕುಳಿತು ನಾನೇ ಮಾಡಿದೆ. ಎರಡು ಬೆರಳು ಸುಟ್ಟುಕೊಂಡೆ. ಮೊದಲ ಸಲ ಸ್ಪೀಕರಿಗೆ ಜೋಡಿಸಿದಾಗ ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ ಗುಂಯ್ ಎಂದಿತು. ಪ್ಲಗ್ಗಿನ ಲೋಹ ಮುಟ್ಟಿದರೆ ನಿಲ್ಲುತ್ತಿತ್ತು, ಬಿಟ್ಟರೆ ಮತ್ತೆ ಗುಂಯ್. "ಅರ್ತಿಂಗ್ ಕೊಟ್ಟಿಲ್ಲ ನೀನು," ಎಂದು ಮಂಜಣ್ಣ ಒಂದು ತುಂಡು ವಯರು ಎಸೆದ. ಅದನ್ನು ಹಿತ್ತಾಳೆಯ ಪಟ್ಟಿಗೆ ಬೆಸೆದೆ. ಸದ್ದು ಅಡಗಿತು. ಆ ಮೌನ ಕೇಳಿ ನಾನು ಚಪ್ಪಾಳೆ ಹೊಡೆದುಕೊಂಡೆ.

ಇನ್ನು ಶ್ರುತಿ. ಇಲ್ಲಿ ನಾನು ಮಾಡಿದ ತಪ್ಪು ನಮ್ಮ ಕಡೆಯವರು ಮಾತ್ರ ಮಾಡಬಲ್ಲ ತಪ್ಪು. ನಮ್ಮಲ್ಲಿ ಯಕ್ಷಗಾನವಿರಲಿ ಭಜನೆಯಿರಲಿ, ಹಾಡುವವ ಬಂದು ಕುಳಿತೊಡನೆ ಮೊದಲ ಪ್ರಶ್ನೆ, "ಯಾವ ಶ್ರುತಿ?" ಅವನು ಹೇಳಿದ್ದೇ ಕಟ್ಟಳೆ. ಮದ್ದಲೆಯವ ಅದಕ್ಕೆ ಬಡಿದು ಬಿಗಿಯುತ್ತಾನೆ, ಶ್ರುತಿಪೆಟ್ಟಿಗೆ ಅದಕ್ಕೆ ಕೂರುತ್ತದೆ. ವಾದ್ಯಕ್ಕೆ ತನ್ನದೇ ಒಂದು ಶ್ರುತಿ ಇರಬಹುದು ಎಂಬ ಯೋಚನೆಯೇ ನನಗೆ ಬರಲಿಲ್ಲ. ಮಂಜಣ್ಣನದು ಕಪ್ಪು ಎರಡು. ಎಂದರೆ ಹಾರ್ಮೋನಿಯಮ್ಮಿನ ಎರಡನೆಯ ಕರಿಮನೆ ಅವನ ಷಡ್ಜ. ಹಾರ್ಮೋನಿಯಂ ಪಕ್ಕಕ್ಕಿಟ್ಟುಕೊಂಡು ನಾಲ್ಕೂ ತಂತಿಗಳನ್ನು ಅದಕ್ಕೇ ಬಿಗಿದೆ, ತಂಬೂರಿಯ ಹಾಗೆ, ಒಂದು ಷಡ್ಜ ಒಂದು ಪಂಚಮ. ದಪ್ಪ ತಂತಿಗಳು ಜಗ್ಗಲು ಒಲ್ಲೆ ಎಂದವು. ಬಟ್ಟೆ ಸುತ್ತಿ ಕಿವಿ ತಿರುಗಿಸಿದೆ. ಮೀಟಿದರೆ ಮನೆಯೇ ಮಂಜಣ್ಣನ ಶ್ರುತಿಯಲ್ಲಿ ಮೊಳಗಿತು. ಅಂದಿನ ಖುಷಿ ಹೇಳತೀರದು. ಗೋಡೆಯ ಮೊಳೆಗೆ ನೇತುಹಾಕಿ ಮಲಗಿದೆ.

ಬೆಳಿಗ್ಗೆ ನೋಡಿದರೆ ಕುತ್ತಿಗೆ ಬಿಲ್ಲಿನ ಹಾಗೆ ಮುಂದಕ್ಕೆ ಬಾಗಿತ್ತು. ತಂತಿಗಳು ಬಟ್ಟೆ ಒಣಗಿಸುವ ಹಗ್ಗದಂತೆ ಎತ್ತರಕ್ಕೆ ನಿಂತಿದ್ದವು. ಒಂದೂ ಮನೆ ಒತ್ತಲು ಬರುವಂತಿರಲಿಲ್ಲ. ನಾನು ಅಲ್ಲಿಯೇ ನೆಲದ ಮೇಲೆ ಕುಳಿತು ಬಾಯಿ ತೆರೆದು ಅತ್ತುಬಿಟ್ಟೆ. ಆಯಿ ಸೌಟು ಹಿಡಿದುಕೊಂಡೇ ಹೊರಗೆ ಬಂದು ನೋಡಿದಳು.

"ಮೊದ್ಲು ತಂತಿ ಸಡ್ಲ ಮಾಡೇ," ಎಂದಳು. "ಅಳದೆಲ್ಲ ಕಡಿಗೆ."

ಸಡಿಲಿಸಿ, ಕಣ್ಣೊರೆಸಿಕೊಂಡು, ಗಿಟಾರನ್ನು ಹೆಗಲಿಗೇರಿಸಿ ನೇರ ಬೇಕರಿಗೆ ಹೋದೆ. ಆಂಟನಿ ಹಿಟ್ಟಿನ ಕೈಯಲ್ಲೇ ಅದನ್ನು ಎತ್ತಿ ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿದ. ನಾನು ಶ್ರುತಿ ಮಾಡಿದ ಕಥೆ ಹೇಳಿದೆ. ಅವನು ನಗಲು ಶುರುಮಾಡಿದವನು ಕೌಂಟರು ಹಿಡಿದುಕೊಂಡು ಕುಳಿತೇಬಿಟ್ಟ.

"ಇದ್ಕೆ ಇದ್ರದ್ದೇ ಶ್ರುತಿ ಅದೆ ಅಕ್ಕ. ಯಾರು ಹಾಡಿದ್ರೂ ಇದು ಬದಲಾಗೂದಿಲ್ಲ."

"ಮತ್ತೆ ಹಾಡುವವ್ರು ಬೇರೆ ಶ್ರುತಿ ಕೇಳಿದ್ರೆ?"

"ನಿನ್ನ ಬೆರಳು ಬೇರೆ ಮನೆಗೆ ಹೋಗ್ಬೇಕು. ತಂತಿ ಇದ್ದಲ್ಲೇ ಇರ್ತದೆ."

ನನಗೆ ಆ ಮಾತು ಒಮ್ಮೆಲೇ ಒಳಗಿಳಿಯಲಿಲ್ಲ. ಹಾಡುವವನ ಎದುರು ಬಗ್ಗದ ವಾದ್ಯವೇ? ಆದರೆ ಬಗ್ಗಿದ್ದರ ಫಲ ಕೌಂಟರಿನ ಮೇಲೆಯೇ ಮಲಗಿತ್ತು.

ಕುತ್ತಿಗೆಯ ಒಳಗೆ ಉದ್ದಕ್ಕೂ ಒಂದು ಕಬ್ಬಿಣದ ಸರಳಿರುತ್ತದೆ, ತುದಿಯಲ್ಲಿ ಕೀಲಿ ಹಾಕಿ ತಿರುಗಿಸಿದರೆ ನಿಧಾನ ನೆಟ್ಟಗಾಗುತ್ತದೆ ಎಂದು ಆಂಟನಿಗೆ ಗೊತ್ತಿತ್ತು. ಕೀಲಿ ಸ್ಕೂಟರ್ ಗ್ಯಾರೇಜಿನಲ್ಲಿ ಸಿಕ್ಕಿತು. ಆಚಾರಿ ಮಾತ್ರ ಒಪ್ಪಲಿಲ್ಲ. "ಅದು ಹುಬ್ಬಳ್ಳಿ ಮರದ ಕತೆ. ನನ್ನ ಹಲಸು ಬಗ್ಗಿತಾ ನೋಡಿ!" ಎಂದು ಬಂದವರಿಗೆಲ್ಲ ಹೇಳಿದರು. ಬಿಸಿ ಮಾಡಿ, ಹಲಗೆ ಅದುಮಿ ಹಿಡಿಯುವ ಶಿಕಂಜಕ್ಕೆ ಹಾಕಿ ಒಂದೇ ದಿನದಲ್ಲಿ ಸರಿಮಾಡುತ್ತೇನೆ ಎಂಬ ಅವರ ಮಾತಿಗೆ ನನ್ನ ಅವಸರದ ಜೀವ ಒಲಿದೇಬಿಟ್ಟಿತ್ತು. ಆಂಟನಿ ಗಿಟಾರನ್ನು ಅವುಚಿಕೊಂಡು ಕೊಡಲಿಲ್ಲ. ದಿನಕ್ಕೆ ಕಾಲು ಸುತ್ತು, ಹೆಚ್ಚು ತಿರುಗಿಸಿದರೆ ಮುರಿಯುತ್ತದೆ ಎಂದ. ಕೀಲಿ ನನ್ನ ಕೈಗೆ ಸಿಕ್ಕರೆ ಒಂದೇ ದಿನದಲ್ಲಿ ತಿಂಗಳ ಸುತ್ತು ತಿರುಗಿಸುತ್ತೇನೆಂದು ತಿಳಿದು ಅದನ್ನು ಬೇಕರಿಯ ಗಲ್ಲಾಪೆಟ್ಟಿಗೆಯಲ್ಲೇ ಇಟ್ಟುಕೊಂಡ.

ಹೀಗಾಗಿ ದಿನಾ ಬೆಳಿಗ್ಗೆ ಕೊಡೆ ಒಂದು ಕೈಯಲ್ಲಿ, ಗೋಣಿ ಸುತ್ತಿದ ಗಿಟಾರು ಹೆಗಲಲ್ಲಿ, ನಾನು ಬೇಕರಿಗೆ ಹಾಜರು. ಆಂಟನಿ ಒಂದು ಸಣ್ಣ ತಿರುವು ಕೊಟ್ಟು ಕೀಲಿ ಒಳಗಿಡುತ್ತಿದ್ದ. ಬರಿಗೈಯಲ್ಲಿ ಬರುವುದು ಹೇಗೆಂದು ಬ್ರೆಡ್ಡು ಕೊಳ್ಳುತ್ತಿದ್ದೆ. ಬಿಸ್ಕಿಟು ಕೊಳ್ಳಲು ಬಂದವರು, "ಸೊಂಟ ನೆಟ್ಟಗಾಯ್ತಾ ಇದ್ರದ್ದು?" ಎಂದು ವಿಚಾರಿಸುತ್ತಿದ್ದರು. "ಇವತ್ತೂ ಬ್ರೆಡ್ಡನೇ?" ಎಂದು ಆಯಿ ಹಣೆ ಚಚ್ಚಿಕೊಳ್ಳುತ್ತಿದ್ದಳು. ಕ್ಯಾಲೆಂಡರಿನಲ್ಲಿ ಚೌತಿ ಹತ್ತಿರ ಬರುತ್ತಿತ್ತು, ಕುತ್ತಿಗೆ ಕೂದಲೆಳೆಯಷ್ಟು ಹಿಂದೆ ಸರಿಯುತ್ತಿತ್ತು. ಹುಬ್ಬಳ್ಳಿಯವನಿಗೆ ಮಂಜಣ್ಣ ಫೋನು ಮಾಡಿ ದಿನ ಹೇಳಿಟ್ಟಿದ್ದಾನೆಂದು ತಿಳಿದ ದಿನ ನಾನು ಊಟ ಮಾಡಲಿಲ್ಲ. ಎರಡು ಕೀಲಿ ತಿರುವಿನ ನಡುವಿನ ಒಂದು ದಿನ ಅಷ್ಟು ಉದ್ದ ಇರಬಲ್ಲದು ಎಂದು ನನಗೆ ಮೊದಲು ಗೊತ್ತಿರಲಿಲ್ಲ. ಕಾಯುವಾಗ ಸುಮ್ಮನಿರಲಾಗದೆ ಆ ಬಾಗಿದ ಕುತ್ತಿಗೆಯ ಮೇಲೆಯೇ, ಆಂಟನಿ ಕೂರಿಸಿಕೊಟ್ಟ ಶ್ರುತಿಯಲ್ಲಿ, ಅಭ್ಯಾಸ ಮಾಡಿದೆ. ಎತ್ತರದ ತಂತಿ ಒತ್ತಿ ಒತ್ತಿ ಬೆರಳ ತುದಿಯಲ್ಲಿ ಮೊದಲು ಗುಳ್ಳೆ ಎದ್ದಿತು, ಆಮೇಲೆ ಜಡ್ಡು ಕಟ್ಟಿತು. ಒಂದು ಬೆಳಿಗ್ಗೆ ಆಂಟನಿ ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿ, ಕೀಲಿ ಹಾಕದೆ ಹಾಗೆಯೇ ವಾಪಸು ಕೊಟ್ಟ. ತಂತಿಗಳು ತಗ್ಗಿ ಕೂತಿದ್ದವು. ಅಂದು ಸಂಜೆ ಮಂಜಣ್ಣನೆದುರು ನಾಲ್ಕು ಹಾಡು ನುಡಿಸಿದೆ. ಅವನು ನೇರ ಹೋಗಿ ಹುಬ್ಬಳ್ಳಿಗೆ ಫೋನು ಹಚ್ಚಿ, ಬರುವುದು ಬೇಡ ಎಂದ.

ಸಿದ್ದಾಪುರದ ಸಂಜೆ ಚೆನ್ನಾಗಿ ನೆನಪಿದೆ. ಪೆಂಡಾಲು ತುಂಬಿತ್ತು. ಮಂಜಣ್ಣನ ಗಂಟಲು ಮಾತ್ರ ಕಟ್ಟಿತ್ತು. ವೇದಿಕೆ ಹತ್ತುವ ಮೊದಲು ಬಿಸಿನೀರು ಕುಡಿಯುತ್ತ, "ಇವತ್ತು ಕಪ್ಪು ಎರಡು ಆಗೂದಿಲ್ಲ. ಬಿಳಿ ಒಂದು," ಎಂದ. ಆಂಟನಿ ಕೀಬೋರ್ಡಿನ ಶ್ರುತಿ ಇಳಿಸುವ ಒಂದು ಗುಂಡಿ ಒತ್ತಿದ, ಅವನ ಕೆಲಸ ಮುಗಿಯಿತು. ನನ್ನ ಕೈ ಶ್ರುತಿಯ ಕಿವಿಗಳ ಕಡೆ ಹೋಗಿತ್ತು, ಎಳೆದುಕೊಂಡೆ. ಕಲಿತದ್ದೆಲ್ಲವನ್ನೂ ಮೂರು ಮನೆ ಕೆಳಗಿಳಿಸಬೇಕು, ಅಷ್ಟೇ.

ಹಾಡುವ ಮೊದಲು ಮಂಜಣ್ಣ ತಂಡದವರ ಪರಿಚಯ ಮಾಡಿದ. ಕೀಬೋರ್ಡು, ತಬಲ, ಡ್ರಮ್ಸು. ನನ್ನನ್ನು ಮರೆತ. ಮುಂದಿನ ಸಾಲಿನಲ್ಲಿ ಕುಳಿತವರು ಹೆಗಲಲ್ಲಿದ್ದ ಹಲಸಿನ ಹಲಗೆಯನ್ನೂ ನನ್ನನ್ನೂ ನೋಡಿದರು. ಒಂದು ಹಾಡಾಯಿತು, ಎರಡಾಯಿತು. ಯಾರೂ ನನ್ನ ಕಡೆ ತಿರುಗಲಿಲ್ಲ. ಕೇಳುತ್ತಿದೆಯೋ ಇಲ್ಲವೋ ಎಂದು ನನಗೇ ಅನುಮಾನ. ಇಷ್ಟೆಲ್ಲ ಹಾರಾಡಿದ್ದು ಇದಕ್ಕಾ ಎನಿಸಿತು. ಮೂರನೆಯ ಹಾಡಿನ ನಡುವೆ, ನಾನೇ ಬೆಸೆದಿದ್ದ ಪ್ಲಗ್ಗಿನ ವಯರು ಬಿಟ್ಟಿತು. ಬೆರಳು ಓಡುತ್ತಿದೆ, ಸದ್ದಿಲ್ಲ.

ಮಂಜಣ್ಣ ಹಾಡುತ್ತಲೇ ಒಂದು ಹೆಜ್ಜೆ ತಡವರಿಸಿದ. ಡ್ರಮ್ಮಿನವ ತಲೆಯೆತ್ತಿದ. ಆಂಟನಿಯ ಎಡಗೈ ಹಳೆಯ ಜಾಗಕ್ಕೆ ಹೋಗಿ ತಡಕಾಡಿತು. ಸಾಲು ಮುಗಿದದ್ದೇ ಮಂಜಣ್ಣ ಮೈಕು ಪಕ್ಕಕ್ಕೆ ಹಿಡಿದು ನನ್ನ ಕಡೆ ತಿರುಗಿದ.

"ಎಂತಾತೇ ತಂಗಿ? ಕಾಲಡಿ ನೆಲವೇ ಹೋತಲ್ಲೇ!"

ತಂತಿ ಮೀಟಲು ಬಲಗೈಯ ಹೆಬ್ಬೆರಳೊಂದೇ ಸಾಕಿತ್ತು. ಅದೇ ಕೈಯ ಮೊಣಕೈಯನ್ನು ಪ್ಲಗ್ಗಿಗೆ ಒತ್ತಿ ಹಿಡಿದೆ. ಸದ್ದು ವಾಪಸು ಬಂತು. ವೇದಿಕೆಯ ಹಲಗೆ ಕಾಲಡಿಯಲ್ಲಿ ಮತ್ತೆ ನಡುಗಿತು. ಮಂಜಣ್ಣ ಮೈಕು ಬಾಯಿಗೆ ತಂದು ಮುಂದಿನ ಸಾಲು ಎತ್ತಿದ. ಉಳಿದ ಹಾಡುಗಳನ್ನೆಲ್ಲ ಹಾಗೆಯೇ ಮೊಣಕೈ ಒತ್ತಿಕೊಂಡು ಸೊಟ್ಟ ನಿಂತು ನುಡಿಸಿದೆ. ಗಿಟಾರಿನ ಭಾರವೆಲ್ಲ ಎಡ ಭುಜಕ್ಕೆ ಬಿತ್ತು; ಆ ನೋವು ಶುರುವಾದದ್ದು ಅಂದಿನಿಂದ.

ಕಾರ್ಯಕ್ರಮ ಮುಗಿದು ವ್ಯಾನಿಗೆ ಸಾಮಾನು ಏರಿಸುತ್ತಿದ್ದೆವು. ನಾನು ಗಿಟಾರಿಗೆ ಗೋಣಿ ಸುತ್ತುತ್ತಿದ್ದೆ. ಮಂಜಣ್ಣ ಮಫ್ಲರು ಬಿಗಿದುಕೊಂಡು ಬಂದು ಪಕ್ಕದಲ್ಲಿ ನಿಂತ. ಪರಿಚಯದಲ್ಲಿ ಹೆಸರು ಬಿಟ್ಟದ್ದಕ್ಕೆ ಏನಾದರೂ ಹೇಳುತ್ತಾನೆ ಎಂದುಕೊಂಡೆ. ಅದು ಅವನಿಗೆ ನೆನಪೇ ಇರಲಿಲ್ಲ.

"ಬರೂ ವಾರ ಶಿರಸಿ," ಎಂದ. "ನಿಂಗೆ ಯಾವ ಶ್ರುತಿ ಅನುಕೂಲ?"

ನಾನು ಸುತ್ತುವುದನ್ನು ನಿಲ್ಲಿಸಿದೆ. ಹಾರ್ಮೋನಿಯಂ ನುಡಿಸಿದ ಅಷ್ಟೂ ವರ್ಷಗಳಲ್ಲಿ ಯಾವ ಹಾಡುವವನೂ ನನ್ನನ್ನು ಈ ಮಾತು ಕೇಳಿರಲಿಲ್ಲ. ಯಾವುದಾದರೂ ಆಗುತ್ತದೆ ಎಂಬ ಉತ್ತರ ಅಭ್ಯಾಸಬಲದಿಂದ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಬಿಳಿ ಎರಡಾದರೆ, ಎಂದರೆ ಅವನ ಕಪ್ಪು ಎರಡಕ್ಕಿಂತ ಒಂದೇ ಮನೆ ಕೆಳಗೆ, ಷಡ್ಜ ದಪ್ಪ ತಂತಿಯಿಂದ ಮೂರನೆಯದರಲ್ಲಿ ಬೆರಳೊತ್ತದೆ ಬರಿದೇ ಮೀಟಿದರೆ ಸಿಗುತ್ತಿತ್ತು.

"ಬಿಳಿ ಎರಡು," ಎಂದೆ.

ಮಂಜಣ್ಣ ಆ ಕಟ್ಟಿದ ಗಂಟಲಲ್ಲೇ ಷಡ್ಜ ಹಿಡಿದು, ಮೇಲಿನ ಪಂಚಮದವರೆಗೆ ಒಮ್ಮೆ ಹೋಗಿ ಬಂದು ನೋಡಿದ.

"ಆತು," ಎಂದು ವ್ಯಾನು ಹತ್ತಿದ.